ರತ್ಸಮೀಯ ತಲೆಗೆ ಮೈಸೂರು ಪೇಟ

ಎಡೋಗಾವಾ
19 ನವೆಂಬರ್ 2024

ಕೃಪಾ,

ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಫೋನ್ ಎತ್ತುವುದಿಲ್ಲ. ನಿಮ್ಮಣ್ಣ ಮಾಡಿದರೆ ಎತ್ತುತ್ತೀಯ, ನಾನು ಪಕ್ಕದಲ್ಲಿದ್ದೇನೆ ಎಂದು ಗೊತ್ತಾದ ಕೂಡಲೇ "ಮೀಟಿಂಗ್ ಇದೆ ಅಣ್ಣ" ಎಂದು ಇಟ್ಟುಬಿಡುತ್ತೀಯ. ಜಪಾನಿನ ಅಂಚೆಯವರನ್ನು ಬ್ಲಾಕ್ ಮಾಡಲು ನಿನ್ನಿಂದಲೂ ಆಗಲಾರದು ಎಂಬ ಧೈರ್ಯದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ದಿನಸಿ ಚೀಟಿ ಬಿಟ್ಟರೆ ಕನ್ನಡದಲ್ಲಿ ಕೈಯಾರೆ ಬರೆದು ಎಷ್ಟೋ ವರ್ಷವಾಯಿತು. ಅಕ್ಷರ ನೋಡಿ ನಗಬೇಡ. ಅಥವಾ ನಗು, ಅಷ್ಟಾದರೂ ಆಗಲಿ.

ನೀನು ನನಗೆ ಹೇಳಿದ್ದೆಷ್ಟು, ನೀನೇ ನೆನಪು ಮಾಡಿಕೋ. "ಅತ್ತಿಗೆ, ಬ್ಯಾಂಕಾಕಿಂದ ನನ್ನ ಫ್ರೆಂಡ್ ರತ್ಸಮೀ ಸೆಮಿನಾರಿಗೆ ಬರ್ತಿದಾಳೆ. ಕೋಬೆ ಲ್ಯಾಬಲ್ಲಿ ನನ್ನ ಪಕ್ಕದ ಟೇಬಲ್ ಅವಳದ್ದೇ ಇತ್ತು. ಆಮೇಲೆ ಅಲ್ಲಿ ಎಂಪಿ ಆದ್ಲು, ಈಗ ಏನೋ ಕೇಸಿದೆ, ಬೇಲ್ ಮೇಲಿದಾಳೆ, ಕೋರ್ಟ್ ಪರ್ಮಿಷನ್ ತಗೊಂಡು ಬರ್ತಿದಾಳೆ. ಟೋಕಿಯೋಲಿ ಎರಡು ದಿನ ನಿಮ್ಮನೇಲಿರಲಿ, ಸ್ವಲ್ಪ ಕ್ವಯಟ್ ಆಗಿ." ಕ್ವಯಟ್ ಎಂದರೆ ಟೀವಿ ಶಬ್ದ ಕಡಿಮೆ ಮಾಡಬೇಕು ಎಂದುಕೊಂಡವಳು ನಾನು. ಮಾಡಿದ್ದೆ ಕೂಡ.

ಬಂದಳು. ಎಂಪಿ ಎಂದರೆ ನಾಲ್ಕು ಜನ ಹಿಂದೆ ಮುಂದೆ ಇರುತ್ತಾರೆ ಎಂದು ಸೋಫಾ ಕವರ್ ಒಗೆದು ಹಾಕಿದ್ದೆ. ಬಂದದ್ದು ಒಂದು ಬೆನ್ನಿನ ಚೀಲ ಹಾಕಿಕೊಂಡ ಸಣ್ಣಗಿನ ಹೆಂಗಸು. ಮನೆಯಲ್ಲಿ ಕರೆಯುವ ಹೆಸರು ಕುಂಗ್ ಎಂದಳು, ಹಾಗೆಂದರೆ ಸಿಗಡಿಯಂತೆ. ಸಿಗಡಿಗೆ ನಾನು ಚಿತ್ರಾನ್ನ ಬಡಿಸಿದೆ. ಎರಡು ಸಲ ಹಾಕಿಸಿಕೊಂಡು, ಬೇಡ ಬೇಡ ಎಂದರೂ ಪಾತ್ರೆ ತೊಳೆದಳು. ರತ್ಸಮೀ ಎಂದರೆ ನಮ್ಮ ರಶ್ಮಿಯೇ ಎಂದು ನಿಮ್ಮಣ್ಣ ವಿವರಿಸಿದಾಗ ಎಷ್ಟು ಖುಷಿಪಟ್ಟಳು ಗೊತ್ತೇ? ಅಮೂಲ್ಯಳ ಜೊತೆ ಜಪಾನಿಯಲ್ಲಿ ಹರಟಿದಳು. ನಮ್ಮ ಮಗಳು ನನ್ನ ಹತ್ತಿರ ಅಷ್ಟು ಮಾತಾಡಿ ಯಾವ ಕಾಲವಾಯಿತೋ.

ಭಾನುವಾರ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಮನೆಗೆ ಬಂದವಳನ್ನು ಒಬ್ಬಳೇ ಬಿಟ್ಟು ಹೋಗಲೇ? "ಊಟಕ್ಕೆ ಬನ್ನಿ, ಹಿಂದೆ ಕೂತಿರಿ" ಎಂದು ಕರೆದುಕೊಂಡು ಹೋದೆ. ಹಿಂದೆಯೇ ಕೂತಿದ್ದಳು ಪಾಪ. ನಿರೂಪಣೆ ನನ್ನದು. ಸನ್ಮಾನದ ತಟ್ಟೆಯಲ್ಲಿ ಒಂದು ಶಾಲು, ಹಾರ, ಪೇಟ ಉಳಿದಿತ್ತು, ಏಕೆಂದರೆ ಒಬ್ಬರು ಬಂದಿರಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ದೇಶದ ಎಂಪಿ ಕೂತಿರುವಾಗ ತಟ್ಟೆಯನ್ನು ವಾಪಸು ಡಬ್ಬಿಗೆ ಹಾಕಲು ನನ್ನ ಕೈ ಬರಲಿಲ್ಲ. ಮೈಕಿನಲ್ಲಿ ಕರೆದೆ. ಪೇಟ ಇಟ್ಟವರು ನಮ್ಮ ಅಧ್ಯಕ್ಷ ರಾಮಪ್ರಸಾದರ ತಂದೆ ಸತ್ಯನಾರಾಯಣ ಮಾಮ, ಮೈಸೂರಿನಿಂದ ಮಗನ ಮನೆಗೆ ಬಂದಿರುವವರು. ಲಿಫ್ಟಿಗೂ ಟಿಕೆಟ್ ಮಿಷನ್ನಿಗೂ ಕ್ಷಮಿಸಿ, ಅಪ್ಪಣೆ ಕೊಡಿ ಎಂಬ ಹಾಗೆ ಸುಮಿಮಾಸೆನ್ ಎನ್ನುತ್ತಾ ಓಡಾಡುತ್ತಾರಲ್ಲ, ಅವರೇ.

ವಿಡಿಯೋ ಗ್ರೂಪಿಗೆ ಹಾಕಿದ್ದೂ ನಾನೇ. ಗ್ರೂಪಿನಿಂದ ಫೇಸ್‌ಬುಕ್ಕಿಗೆ ಯಾರು ಹಾಕಿದರೋ ಗೊತ್ತಿಲ್ಲ. ಅಲ್ಲಿಂದ ಬ್ಯಾಂಕಾಕಿಗೆ ಹೋಗಿ, "ಜಪಾನಿನಲ್ಲಿ ಕಿರೀಟ ಧರಿಸಿದ ಮಾಜಿ ಎಂಪಿ" ಎಂದು ಯಾರೋ ಅದನ್ನು ಹಂಚಿ, ಈಗ ಅವಳ ಜಾಮೀನು ರದ್ದು ಮಾಡಿ ಎಂದು ದೂರು ಹೋಗಿದೆ ಎಂದು ನಿಮ್ಮಣ್ಣನಿಂದ ತಿಳಿಯಿತು. ಕೃಪಾ, ಅದು ಪೇಟ ಕಣೇ. ಕಿರೀಟವಲ್ಲ. ಇದನ್ನು ಹೇಳಿದರೆ ಮುಗಿಯುವುದಿಲ್ಲವೇ?

ನಿನ್ನ ಉತ್ತರಕ್ಕೆ ಬಾಗಿಲ ಡಬ್ಬಿ ನೋಡುತ್ತಿರುವ,
ನಿನ್ನ ಅತ್ತಿಗೆ ವಸುಧಾ


ಕೋಬೆ
27 ನವೆಂಬರ್ 2024

ಅತ್ತಿಗೆ,

ಪತ್ರ ಬಂತು. ಹೇಳಿದರೆ ಮುಗಿಯುವುದಿಲ್ಲ.

ನಿಮ್ಮ ವಿಡಿಯೋ ಇನ್ನೊಮ್ಮೆ ನೋಡಿ. "ಮೈಸೂರು ಮಹಾರಾಜರು ಧರಿಸುತ್ತಿದ್ದ ಈ ರಾಜಪೇಟ ಇಂದು ನಿಮ್ಮ ಶಿರವನ್ನು ಅಲಂಕರಿಸುತ್ತಿದೆ. ಇಂದಿನ ಹೋರಾಟಗಾರ್ತಿ, ನಾಳಿನ ಪ್ರಧಾನಿ!" ಕನ್ನಡದಲ್ಲಿ ಹೇಳಿ ಬಿಟ್ಟಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅತಿಥಿಗೆ ತಿಳಿಯಲಿ ಎಂದು ಇಂಗ್ಲಿಷಿನಲ್ಲೂ ಹೇಳಿದಿರಿ. ಅವಳ ದೇಶದಲ್ಲಿ ರಾಜಮನೆತನದ ವಿಷಯಕ್ಕೆ ಬಂದರೆ ಕಾನೂನು ಬಹಳ ಕಠಿಣ. ಅವಳ ಮೇಲಿರುವ ಕೇಸೂ ಅದೇ ಕಾನೂನಿನದು. ಅಂಥವಳ ತಲೆಗೆ ಜರಿಯ ಪೇಟವಿಟ್ಟು, ಇದು ಮಹಾರಾಜರದ್ದು ಎಂದು ಮೈಕಿನಲ್ಲಿ ಕೂಗಿದ್ದೀರಿ.

ಅವಳು ಯಾರು ಎಂದು ನಾನೂ ನಿಮಗೆ ಸರಿಯಾಗಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಕುಂಗ್ ಶಾಲೆಯಲ್ಲಿದ್ದಾಗ ಹುಡುಗಿಯರ ಕೂದಲು ಕಿವಿಯಿಂದ ಕೆಳಗಿಳಿಯಬಾರದು ಎಂಬ ನಿಯಮವಿತ್ತು. ಅವಳದ್ದು ಸ್ವಲ್ಪ ಬೆಳೆದಿತ್ತು. ಪ್ರಾರ್ಥನೆಗೆ ನಿಂತಿದ್ದಾಗ ಟೀಚರ್ ಬಂದು ಎಲ್ಲರೆದುರು ಒಂದು ಪಕ್ಕ ಮಾತ್ರ ಕತ್ತರಿಸಿ ಹೋದರು. ಇನ್ನೊಂದು ಪಕ್ಕ ಸರಿಮಾಡುತ್ತೇನೆ ಎಂದು ಅಮ್ಮ ಎಷ್ಟು ಕರೆದರೂ ಅವಳು ತಲೆ ಕೊಡಲಿಲ್ಲ. ಆ ಟರ್ಮು ಪೂರ್ತಿ ಓರೆ ಕೂದಲಲ್ಲೇ ಶಾಲೆಗೆ ಹೋದಳು. ತನ್ನ ಮೊದಲ ಭಾಷಣ ಅದೇ, ಬಾಯಿ ಬಿಡದೆ ಮಾಡಿದ್ದು ಎನ್ನುತ್ತಾಳೆ.

ಕಾಲೇಜಿಗೆ ಬಂದಮೇಲೆ ಬಾಯಿ ಬಿಟ್ಟಳು. ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಮಾತಾಡುತ್ತಿದ್ದಳಂತೆ. ಆಗಲೇ ಎರಡು ಸಲ ಠಾಣೆ ನೋಡಿದಳು. ಕೋಬೆಗೆ ಬಂದದ್ದು ಪ್ರವಾಹದ ಮೇಲೆ ಪಿಎಚ್‌ಡಿ ಮಾಡಲು. ಇಲ್ಲೇ ಕೆಲಸ ಸಿಗುತ್ತಿತ್ತು. ಹೋದಳು, ಹೊಸ ಪಕ್ಷ ಸೇರಿದಳು, ನದಿ ಪಕ್ಕದ ಒಂದು ಕ್ಷೇತ್ರದಿಂದ ಗೆದ್ದಳು. ಪ್ರವಾಹ ಬಂದಾಗ ದೋಣಿಯಲ್ಲಿ ನಿಂತು ಅಕ್ಕಿ ಹಂಚುತ್ತಿದ್ದ ಫೋಟೋ ನನಗೆ ಕಳಿಸಿದ್ದಳು, ಕೆಳಗೆ "ಪ್ರಾಕ್ಟಿಕಲ್ ಕ್ಲಾಸ್" ಎಂದು ಬರೆದು. ಆಮೇಲೆ ಪಕ್ಷವೇ ರದ್ದಾಯಿತು, ಇವಳ ಸ್ಥಾನವೂ ಹೋಯಿತು. ಸ್ಟೂಲಿನ ಮೇಲೆ ಮಾಡಿದ ಒಂದು ಹಳೆಯ ಭಾಷಣ ಈಗ ಕೇಸಾಗಿದೆ. ತೀರ್ಪು ಬರುವವರೆಗೆ ಹೊರಗಿರಬಹುದು ಎಂಬುದೊಂದೇ ಅವಳಿಗಿದ್ದ ಸಮಾಧಾನ.

ಇನ್ನೊಂದು ವಿಷಯ. ಅವರಲ್ಲಿ ತಲೆ ಎಂದರೆ ಬಹಳ ದೊಡ್ಡದು. ದೊಡ್ಡವರ ತಲೆಯನ್ನು ಯಾರೂ ಮುಟ್ಟುವುದಿಲ್ಲ. ಐದು ವರ್ಷ ಪಕ್ಕದಲ್ಲಿ ಕೂತ ನಾನೇ ಒಂದು ದಿನ ಮುಟ್ಟಿದವಳಲ್ಲ.

ಹೋಗಬೇಡ, ಇಲ್ಲೇ ಆಶ್ರಯ ಕೇಳೋಣ ಎಂದು ಅವಳ ಮುಂದೆ ಅತ್ತೆ. ಅವಳು ಚೀಲ ಜೋಡಿಸುತ್ತಲೇ ಇದ್ದಳು. "ಪ್ರವಾಹದಲ್ಲಿ ಮಾಳಿಗೆ ಮೇಲೆ ನಿಂತು ಜನ ಕುಂಗ್ ಕುಂಗ್ ಅಂತ ಕೂಗಿದ್ರು ಕೃಪಾ. ಮುಂದಿನ ಸಲ ಕೂಗಿದಾಗ ಕೋಬೆಯಿಂದ ಓ ಅನ್ಲಾ?" ಎಂದಳು. ನಿನ್ನೆ ವಿಮಾನ ಹತ್ತಿದಳು.

ಕೃಪಾ


ಎಡೋಗಾವಾ
8 ಡಿಸೆಂಬರ್ 2024

ಕೃಪಾ,

ನಿನ್ನ ಪತ್ರವನ್ನು ನಿಮ್ಮಣ್ಣನಿಗೆ ಓದಿ ಹೇಳಲು ಹೋದೆ. ಕೂದಲಿನ ವಿಷಯ ಬಂದ ಕಡೆ ನನ್ನಿಂದ ಮುಂದೆ ಓದಲಾಗಲಿಲ್ಲ, ಅವರೇ ತೆಗೆದುಕೊಂಡು ಓದಿದರು. ನನಗೆ ಬಹಳ ಸಂಕಟವಾಗಿದೆ. ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಅವಳು ನಮ್ಮನೆಯಿಂದ ಹೊರಟ ಬೆಳಿಗ್ಗೆ ಶಾಲು ಚೀಲಕ್ಕೆ ಹಾಕಿಕೊಂಡಳು. ಪೇಟವನ್ನು ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟು, "ಇದು ನಿಮ್ಮನೇಲೇ ಇರಲಿ" ಎಂದಳು. ಚೀಲದಲ್ಲಿ ಜಾಗವಿಲ್ಲ ಎಂದುಕೊಂಡು, "ಮುಂದಿನ ಸಲ ಬಂದಾಗ ಒಯ್ಯಿರಿ" ಎಂದು ಬೀರುವಿನ ಮೇಲಿಟ್ಟೆ. ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಅದು ಹೇಗೆ ಕಾಣುತ್ತದೆ ಎಂದು ಅವಳಿಗೆ ಆವತ್ತೇ ಹೊಳೆದಿತ್ತು ಎಂದು ಈಗ ಅನಿಸುತ್ತಿದೆ. ಹೊಳೆದರೂ ನನಗೆ ಬೇಜಾರಾಗುತ್ತದೆ ಎಂದು ಒಂದು ಮಾತು ಆಡಲಿಲ್ಲವಲ್ಲ ಆ ಹುಡುಗಿ.

ಕೂಟದಲ್ಲಿ ಸ್ವಲ್ಪ ಗಡಿಬಿಡಿಯಾಗಿದೆ. ಗ್ರೂಪಿನಲ್ಲಿ ಎಲ್ಲರೂ ಒಂದೊಂದು ಹೇಳುತ್ತಿದ್ದಾರೆ. ಅಧ್ಯಕ್ಷರು ಮೀಟಿಂಗ್ ಕರೆದಿದ್ದರು. ಏನೋ ಒಂದು ತೀರ್ಮಾನವಾಗಿದೆ, ಎಲ್ಲ ತಣ್ಣಗಾಗುತ್ತದೆ. ನೀನು ಅದರ ಚಿಂತೆ ಮಾಡಬೇಡ.

ನಿಮ್ಮಣ್ಣನ ಪ್ರಾಜೆಕ್ಟು ಮಾರ್ಚಿಗೆ ಮುಗಿಯುತ್ತದೆ. ಮುಂದುವರಿಸುತ್ತಾರೋ, ಬೆಂಗಳೂರಿಗೆ ಕಳಿಸುತ್ತಾರೋ ಗೊತ್ತಿಲ್ಲ. ಅಮೂಲ್ಯ ಆಗಾಗ "ಕುಂಗ್ ಸಾನ್ ಡೈಜೋಬು?" ಎಂದು ಕೇಳುತ್ತಾಳೆ. ಚೆನ್ನಾಗಿದಾಳೆ ಪುಟ್ಟಾ ಎನ್ನುತ್ತೇನೆ. ಕೋಬೆಯಲ್ಲಿ ಚಳಿ ಜೋರಂತೆ, ಆ ತೆಳ್ಳನೆಯ ಜಾಕೆಟ್ಟಿನಲ್ಲಿ ಓಡಾಡಬೇಡ.

ನಿನ್ನ ಅತ್ತಿಗೆ


ಕೋಬೆ
22 ಡಿಸೆಂಬರ್ 2024

ಅತ್ತಿಗೆ,

ನಿಮ್ಮ ಕೂಟದ ತೀರ್ಮಾನ ನನಗೆ ಬ್ಯಾಂಕಾಕಿನಿಂದ ಬಂತು. ಕುಂಗಳ ವಕೀಲರು ಕಳಿಸಿದರು. "ಸದರಿ ಮಹಿಳೆಗೂ ನಮ್ಮ ಕೂಟಕ್ಕೂ ಯಾವುದೇ ಸಂಬಂಧವಿರುವುದಿಲ್ಲ. ಆಕೆ ಯಾರದೋ ವೈಯಕ್ತಿಕ ಅತಿಥಿಯಾಗಿ ಬಂದಿದ್ದು, ಪೇಟ ಧಾರಣೆ ಕೂಟದ ಕಾರ್ಯಕ್ರಮದ ಭಾಗವಾಗಿರಲಿಲ್ಲ." ಕೆಳಗೆ ಅಧ್ಯಕ್ಷರ ಹೆಸರು, ಅದರ ಕೆಳಗೆ ಕಾರ್ಯದರ್ಶಿ, ವಸುಧಾ ಹೃಷಿಕೇಶ.

ಚಿಂತೆ ಮಾಡಬೇಡ ಎಂದು ಬರೆದಿದ್ದಿರಿ.

ಈ ಹೇಳಿಕೆಯಿಂದ ಏನಾಯಿತು ಎಂದು ಹೇಳುತ್ತೇನೆ. ದೂರು ಕೊಟ್ಟವರು ಈಗ ಅದನ್ನೇ ಹಿಡಿದುಕೊಂಡಿದ್ದಾರೆ. ಕೂಟದವರು ಇಡಲಿಲ್ಲವೆಂದರೆ ಇವಳೇ ತನ್ನ ಕಡೆಯವರಿಂದ ಇಡಿಸಿಕೊಂಡಿದ್ದಾಳೆ, ಬೇಕೆಂದೇ ಮಾಡಿದ ನಾಟಕ ಎನ್ನುತ್ತಿದ್ದಾರೆ. ನೀವು ಕೈ ತೊಳೆದುಕೊಂಡ ನೀರನ್ನು ಅವಳ ಮೇಲೆ ಸುರಿದಿದ್ದೀರಿ.

ಅಣ್ಣನ ಪ್ರಾಜೆಕ್ಟು, ಎಲ್ಲರ ವೀಸಾ, ನನಗೂ ಅರ್ಥವಾಗುತ್ತದೆ. ನಾನೂ ಇಲ್ಲಿ ವರ್ಷ ವರ್ಷ ಒಪ್ಪಂದ ಮುಂದುವರಿಸಿಕೊಂಡು ಬದುಕುತ್ತಿರುವವಳೇ.

ನಿಮ್ಮನ್ನು ಏನೂ ಕೇಳಬಾರದು ಎಂದುಕೊಂಡಿದ್ದೆ. ಆದರೆ ವಕೀಲರಿಗೆ ಒಂದು ಬೇಕಾಗಿದೆ. ಪೇಟ ಇಡುವುದು ನಿಮ್ಮ ಪದ್ಧತಿ, ಬಂದವರಿಗೆಲ್ಲ ಇಡುತ್ತೀರಿ, ಆವತ್ತು ಇಟ್ಟವರು ನೀವೇ ಎಂದು ಕೂಟ ಬರೆದುಕೊಡಬೇಕು. ಜೊತೆಗೆ ಹಳೆಯ ಸನ್ಮಾನಗಳ ವಿಡಿಯೋಗಳು. ಮುಖ್ಯವಾಗಿ ಆ ಮಹಾರಾಜರ ಸಾಲನ್ನು ನೀವು ಬೇರೆಯವರಿಗೂ ಹೇಳಿದ್ದರೆ ಅದು. ನನಗೆ ನೆನಪಿದ್ದ ಹಾಗೆ ನೀವು ಅದನ್ನು ಎಲ್ಲರಿಗೂ ಹೇಳುತ್ತೀರಿ. ಒರಟಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಮಾತಿಗೆ ಅರ್ಥವೇನೂ ಇರಲಿಲ್ಲ ಎಂದು ಸಾಬೀತಾದರೆ ಕುಂಗ್ ಉಳಿಯುತ್ತಾಳೆ.

ಕೃಪಾ


ಎಡೋಗಾವಾ
14 ಜನವರಿ 2025

ಕೃಪಾ,

ಸಂಕ್ರಾಂತಿಯ ಎಳ್ಳು ಬೆಲ್ಲ ಈ ಲಕೋಟೆಯೊಳಗೇ ಇದೆ. ಒಳ್ಳೆಯ ಮಾತಾಡು ಎಂದು ಹೇಳುವ ಧೈರ್ಯ ಈ ವರ್ಷ ನನಗಿಲ್ಲ. ಸುಮ್ಮನೆ ತಿನ್ನು.

ಆ ಹೇಳಿಕೆಗೆ ಸಹಿ ಹಾಕುವಾಗ ನನಗೆ ಭಯವಾಗಿತ್ತು. ಭಯವಾಗಿತ್ತು ಎಂದು ನಿನಗೆ ಬರೆಯಲು ನಾಚಿಕೆಯಾಯಿತು. ನಿಮ್ಮಣ್ಣ ಹಾಕು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಿನ್ನ ಪತ್ರ ಬಂದ ದಿನ ಮಾತ್ರ, "ನಾಳೆ ಬೆಂಗಳೂರಿಗೆ ಹೋಗು ಅಂದ್ರೆ ಹೋಗೋಣ ಬಿಡು, ಅಲ್ಲೇನು ಮನೆ ಇಲ್ವಾ" ಎಂದರು. ಅಷ್ಟು ಸಾಕಾಯಿತು ನನಗೆ.

ನಿನ್ನೆ ರಜೆ ಇತ್ತಲ್ಲ, ಉರಯಾಸುವಿನಲ್ಲಿ ರಾಮಪ್ರಸಾದರ ಮನೆಯಲ್ಲಿ ಸಭೆ ಸೇರಿಸಿದೆ. ಹೊಸ ಪತ್ರ ಬರೆದುಕೊಂಡು ಹೋಗಿದ್ದೆ. ಅವರು ಓದಿ ಮೇಜಿನ ಮೇಲಿಟ್ಟರು.

"ವಸುಧಾ ಅವ್ರೇ, ನಮ್ಮೆಲ್ಲರ ವೀಸಾ ಇರೋದು ಕಂಪನಿ ಕೈಲಿ. ಇನ್ನೊಂದ್ ದೇಶದ ಪಾಲಿಟಿಕ್ಸ್ ನಮಗ್ಯಾಕ್ರೀ? ಸ್ಟೇಟ್‌ಮೆಂಟ್ ಕೊಟ್ಟಾಯ್ತು, ಬಿಟ್ಟಾಕಿ."

"ಕೊಟ್ಟ ಸ್ಟೇಟ್‌ಮೆಂಟ್ ಸುಳ್ಳಲ್ವಾ ಸರ್?" ಎಂದೆ.

"ಟೆಕ್ನಿಕಲಿ ಸುಳ್ಳಲ್ಲ. ಅವರ ಹೆಸರು ಇನ್ವಿಟೇಶನ್ನಲ್ಲಿ ಇರ್ಲಿಲ್ಲ."

ಸತ್ಯನಾರಾಯಣ ಮಾಮ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಫ್ರೋಜನ್ ಅಲ್ಲ, ಯಾರೋ ಮೈಸೂರಿನಿಂದ ತಂದುಕೊಟ್ಟದ್ದು. ತಟ್ಟೆ ಕೆಳಗಿಟ್ಟರು.

"ಲೋ ರಾಮು, ಆ ಹುಡುಗಿ ತಲೆ ಮೇಲೆ ಪೇಟ ಇಟ್ಟಿದ್ಯಾರೋ?"

"ಅಪ್ಪ, ನೀವು ಸುಮ್ನಿರಿ, ಇದು ಬೇರೆ ವಿಷ್ಯ."

"ಬೇರೆ ಏನ್ ಬಂತು? ಇಟ್ಟೋನು ನಾನು. ಈ ಕೈಯಲ್ಲಿ. ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ಬರ್ದಿದ್ಯಲ್ಲ, ಹಾಗಾದ್ರೆ ನನಗೂ ನಿನಗೂ ಸಂಬಂಧ ಇಲ್ವೇನೋ?"

ರಾಮಪ್ರಸಾದರ ಹೆಂಡತಿ ಕಾಫಿ ತಂದವರು ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಮಾಮ ನನ್ನ ಫೋನ್ ಕೇಳಿದರು. ಕ್ಯಾಮೆರಾ ಕಡೆ ನೋಡಿ, ತಮ್ಮ ಹೆಸರು, ಊರು, ಕೆಲಸದಿಂದ ನಿವೃತ್ತರಾದ ವರ್ಷ ಎಲ್ಲ ಹೇಳಿದರು. "ನಮ್ ಕಡೆ ಬಂದೋರಿಗೆ ಮರ್ಯಾದೆ ಮಾಡೋದು ಹೀಗೇ ಸ್ವಾಮಿ. ರಿಟೈರ್ ಆದ ದಿವ್ಸ ನನ್ನ ತಲೆಗೂ ಇದನ್ನ ಇಟ್ಟಿದ್ರು. ನಾನೇನು ರಾಜ ಆಗ್ಲಿಲ್ಲ. ಮಾರನೇ ದಿವ್ಸ ಚೀಲ ಹಿಡ್ಕೊಂಡು ಸೊಪ್ಪು ತರೋಕೆ ಹೋದೆ." ಅದನ್ನು ನೀನು ಇಂಗ್ಲಿಷಿಗೆ ಮಾಡಿಕೊಡಬೇಕು. ಸೊಪ್ಪನ್ನು ಬಿಡಬೇಡ.

ಆಮೇಲೆ ರಾಮಪ್ರಸಾದರು ಪೆನ್ ತೆಗೆದುಕೊಂಡರು. ಒಳ್ಳೆಯ ಮನಸ್ಸಿನಿಂದ ಸಹಿ ಹಾಕಿದರು ಎಂದು ಹೇಳಲಾರೆ. ಹಾಕಿದರು.

ಇನ್ನು ನನ್ನ ವಿಡಿಯೋಗಳು. ನಾಲ್ಕೈದು ವರ್ಷದ್ದು ಹುಡುಕಿದೆ. ಕೃಪಾ, ನಾನು ಒಳ್ಳೆಯ ನಿರೂಪಕಿ ಎಂದುಕೊಂಡಿದ್ದೆ ಕಣೇ. ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು "ಏನ್ ಚೆನ್ನಾಗ್ ಮಾತಾಡ್ತೀರ ಮೇಡಂ" ಎನ್ನುವುದೇ ನನಗೆ ಈ ಊರಿನಲ್ಲಿರುವ ದೊಡ್ಡ ಸುಖ. ನೋಡುತ್ತಾ ಹೋದರೆ, ಆಡಿಟರ್ ಲಿಂಗರಾಜು ಅವರಿಗೆ ಮಹಾರಾಜರು ಧರಿಸುತ್ತಿದ್ದ ಈ ರಾಜಪೇಟ, ಇಂದಿನ ಮ್ಯಾನೇಜರ್, ನಾಳಿನ ಸಿಇಒ! ದೋಸೆ ಸ್ಪರ್ಧೆ ಗೆದ್ದ ಪ್ರಶಾಂತನಿಗೆ ಇಂದಿನ ದೋಸೆ, ನಾಳಿನ ಹೋಟೆಲ್! ವಾರ್ಡ್ ಆಫೀಸಿನ ಸಾತೋ ಸಾನ್‌ಗೆ ಇಂದಿನ ಸ್ನೇಹಿತ, ನಾಳಿನ ಕನ್ನಡಿಗ! ಅದೇ ಏರಿಳಿತ, ಅದೇ ಕಡೆ ಕೈ ಎತ್ತುವುದು. ನಿಮ್ಮಣ್ಣ ನಗು ತಡೆಯಲಾರದೆ ಬಚ್ಚಲಿಗೆ ಹೋದರು. ನಾನು ಮೊದಲು ಅತ್ತೆ, ಆಮೇಲೆ ನಾನೂ ನಕ್ಕೆ. ಎಲ್ಲವನ್ನೂ ಕಳಿಸಿದ್ದೇನೆ. ಒಂದನ್ನೂ ಉಳಿಸಿಕೊಂಡಿಲ್ಲ.

ಫೋಟೋಗಳನ್ನು ಕೊಂಬಿನಿ ಅಂಗಡಿಯ ಮಿಷನ್ನಿನಲ್ಲಿ ಪ್ರಿಂಟ್ ಹಾಕಿಸಿದೆ. ಎಲ್ಲರ ತಲೆಯ ಮೇಲೂ ಒಂದೇ ಪೇಟ ನೋಡಿ ಕೌಂಟರಿನ ಹುಡುಗಿ ಯಾವುದೋ ಹೊಸ ಧರ್ಮವೆಂದುಕೊಂಡಿರಬೇಕು. ಆ ವರ್ಷ ಹಿಮ ಬಿದ್ದಾಗ ಮಕ್ಕಳು ಹಿಮದ ಗೊಂಬೆಗೆ ಪೇಟ ಇಟ್ಟ ಫೋಟೋವೂ ಇದೆ. ಕೋರ್ಟಿಗೆ ಅದು ಬೇಡ ಎಂದರು ನಿಮ್ಮಣ್ಣ. ಇರಲಿ ಎಂದು ಸೇರಿಸಿದ್ದೇನೆ.

ಮಾಮ ಈ ತಿಂಗಳ ಕೊನೆಗೆ ಮೈಸೂರಿಗೆ ಹೊರಡುತ್ತಾರೆ. "ಆ ಮಗು ಏನಾಯ್ತು ಅಂತ ನನಗೆ ತಿಳಿಸ್ಬೇಕು" ಎಂದಿದ್ದಾರೆ.

ಅರ್ಥವಿಲ್ಲದ ಮಾತಿನ,
ನಿನ್ನ ಅತ್ತಿಗೆ


ಕೋಬೆ
3 ಮಾರ್ಚ್ 2025

ಪ್ರೀತಿಯ ಅತ್ತಿಗೆ,

ನಿನ್ನೆ ಬ್ಯಾಂಕಾಕಿನಿಂದ ಬಂದೆ. ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ಮಂಗಳವಾರ ಪೇಟದ ವಿಚಾರಣೆ. ನಿಮ್ಮ ವಿಡಿಯೋಗಳನ್ನು ಹಾಕಿದರು. ಮೊದಲನೆಯದಕ್ಕೆ ದುಭಾಷಿ ಪೂರ್ತಿ ಅನುವಾದ ಮಾಡಿದ. ಎರಡನೆಯದಕ್ಕೆ, ಮೂರನೆಯದಕ್ಕೂ ಮಾಡಿದ. ನಾಲ್ಕನೆಯದು ಶುರುವಾದಾಗ, "ಅದೇ ವಾಕ್ಯ, ಈ ಸಲ ದೋಸೆ" ಎಂದಷ್ಟೇ ಹೇಳಿದ. ಹಿಂದೆ ಕೂತಿದ್ದವರು ನಕ್ಕರು. ನ್ಯಾಯಾಧೀಶರು ಹಿಮದ ಗೊಂಬೆಯ ಫೋಟೋವನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದರು. ಸತ್ಯನಾರಾಯಣ ಮಾಮನ ಮಾತನ್ನು ಹಾಕಿದಾಗ ಮಾತ್ರ ಯಾರೂ ನಗಲಿಲ್ಲ.

ಆಮೇಲೆ ಕುಂಗಳನ್ನು ಒಂದು ಪ್ರಶ್ನೆ ಕೇಳಿದರು. ಪೇಟ ಇಡಲು ಬಂದಾಗ ನೀವೇ ತಲೆ ಬಗ್ಗಿಸಿದ್ದೀರಿ, ವಿಡಿಯೋದಲ್ಲಿ ಕಾಣುತ್ತದೆ. ಏಕೆ ಬಗ್ಗಿಸಿದಿರಿ?

ಅವಳು ಹೇಳಿದ್ದನ್ನು ವಕೀಲರ ಸಹಾಯಕಿ ನನ್ನ ಕಿವಿಯಲ್ಲಿ ಇಂಗ್ಲಿಷಿಗೆ ಮಾಡಿದಳು. ನೆನಪಿದ್ದಷ್ಟು ಬರೆಯುತ್ತೇನೆ. "ಶಾಲೆಯಲ್ಲಿ ನನ್ನ ಕೂದಲು ಕತ್ತರಿಸಿದವರು ನನ್ನನ್ನು ಕೇಳಲಿಲ್ಲ. ಗೇಟಿನ ಮುಂದೆ ನನ್ನ ತಲೆ ಹಿಡಿದು ಜೀಪಿಗೆ ಒತ್ತಿದವರು ಕೇಳಲಿಲ್ಲ. ಆವತ್ತು ವೇದಿಕೆಯ ಮೇಲೆ ಸಂಗೀತ ಜೋರಾಗಿತ್ತು, ವಿಡಿಯೋದಲ್ಲಿ ಇದು ಕೇಳಿಸುವುದಿಲ್ಲ. ಆ ಹಿರಿಯರಿಗೆ ನನ್ನ ಭಾಷೆ ಬರುವುದಿಲ್ಲ, ಅವರ ಭಾಷೆ ನನಗೆ ಬರುವುದಿಲ್ಲ. ಅವರು ಪೇಟ ಹಿಡಿದು ನನ್ನ ಮುಂದೆ ನಿಂತು, ತಮಗೆ ಬರುವ ಒಂದೇ ಜಪಾನಿ ಮಾತನ್ನು ಹೇಳಿದರು, ಸುಮಿಮಾಸೆನ್. ಹೇಳಿ, ನಾನು ಹೂಂ ಎನ್ನುವವರೆಗೆ ಕಾದರು. ಅದಕ್ಕೆ ಬಗ್ಗಿಸಿದೆ."

ಪೇಟದ ದೂರು ಬಿದ್ದುಹೋಯಿತು. ಎಲ್ಲರೂ ಅಪ್ಪಿಕೊಂಡೆವು. ಹಳೆಯ ಭಾಷಣದ ತೀರ್ಪು ಗುರುವಾರಕ್ಕಿತ್ತು, ಅದರ ಬಗ್ಗೆ ಆ ಸಂಜೆ ಯಾರೂ ಮಾತೆತ್ತಲಿಲ್ಲ.

ಬುಧವಾರ ಅವಳು ಕೂದಲು ಕತ್ತರಿಸಿಕೊಳ್ಳಬೇಕು ಎಂದಳು. ಒಳಗೆ ಹೋಗುವುದಾದರೆ ಸೆಕೆಗೆ ಚಿಕ್ಕದಿರಲಿ ಎಂದು. ನಮ್ಮಲ್ಲಿ ಮಂಗಳವಾರ ಇದ್ದ ಹಾಗೆ ಅವರಲ್ಲಿ ಬುಧವಾರ ಕೂದಲಿಗೆ ಕತ್ತರಿ ಹಾಕುವುದಿಲ್ಲ, ಅವರ ಬೀದಿಯ ಅಂಗಡಿ ಮುಚ್ಚಿತ್ತು. ಅಡಿಗೆಮನೆಯ ಕತ್ತರಿ ತಂದು ನನ್ನ ಕೈಗೆ ಕೊಟ್ಟು ಬಾಲ್ಕನಿಯಲ್ಲಿ ಕೂತಳು. ನನಗೆ ಕೈ ಮುಂದೆ ಹೋಗಲಿಲ್ಲ. ತಿರುಗಿ ನೋಡಿ, "ಮೊದಲು ಕೇಳು" ಎಂದಳು.

ಸುಮಿಮಾಸೆನ್ ಎಂದೆ. ತಲೆ ಆಡಿಸಿದಳು.

ನನಗೆ ಅಳು ತಡೆಯಲಾಗಲಿಲ್ಲ, ಒಂದು ಪಕ್ಕ ಓರೆಯಾಯಿತು. ಸರಿ ಮಾಡುತ್ತೇನೆ ಎಂದರೆ ಕನ್ನಡಿ ನೋಡಿಕೊಂಡು, ಬೇಡ, ಹೀಗೇ ಇರಲಿ ಎಂದಳು.

ಗುರುವಾರ ಎರಡು ವರ್ಷ ಎಂದರು. ಅಲ್ಲಿಂದಲೇ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡಿ ಒಂದು ಪಕ್ಕದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ನದಿಯ ಕಡೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದ ಹೆಂಗಸರು ಹೊರಗೆ ಕುಂಗ್ ಕುಂಗ್ ಎಂದು ಕೂಗುತ್ತಿದ್ದರು. ಅವಳು ಒಳಗಿನಿಂದ ಓ ಎಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

ನಿಮ್ಮ ಪೇಟದಿಂದ ಏನೂ ಆಗಲಿಲ್ಲ ಅತ್ತಿಗೆ. ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಮಾಮನಿಗೆ ನೀವೇ ಫೋನ್ ಮಾಡಿ ಹೇಳಿ, ನನ್ನಿಂದಾಗದು.

ಬ್ಲಾಕ್ ತೆಗೆದಿದ್ದೇನೆ. ಆದರೂ ಕಾಗದವನ್ನೇ ಬರೆಯಿರಿ.

ನಿಮ್ಮ ಕೃಪಾ


ಎಡೋಗಾವಾ
7 ಏಪ್ರಿಲ್ 2025

ಕೃಪಾ ಪುಟ್ಟಾ,

ಮಾಮನಿಗೆ ಹೇಳಿದೆ. "ನಾನು ಆವತ್ತು ಕಾಲು ತುಳಿದ್ಬಿಟ್ಟೆನೇನೋ ಅಂತ ಸುಮಿಮಾಸೆನ್ ಅಂದೆ ಅನ್ಸತ್ತೆ ತಾಯಿ, ಸರಿಯಾಗಿ ಜ್ಞಾಪಕ ಇಲ್ಲ" ಎಂದರು. ಮತ್ತೆ ಅವರೇ, "ಆ ಮಗುಗೆ ಹೀಗಂತ ಹೇಳ್ಬೇಡಿ" ಎಂದರು. ನಿನಗೆ ಮಾತ್ರ ಹೇಳಿದ್ದೇನೆ. ನೀನೂ ಹೇಳಬೇಡ.

ನಿಮ್ಮಣ್ಣನಿಗೆ ಇನ್ನೊಂದು ವರ್ಷ ಇಲ್ಲೇ ಮುಂದುವರಿಸಿದ್ದಾರೆ. ಯಾರ ವೀಸಾಕ್ಕೂ ಏನೂ ಆಗಿಲ್ಲ. ಅಷ್ಟು ಹೆದರಿದ್ದೆವಲ್ಲ ಎಂದು ಈಗ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ನಿನ್ನೆ ಕೂಟದ ಯುಗಾದಿ. ಬೇವು ಸಿಗಲಿಲ್ಲ, ಮೆಂತ್ಯದ ಸೊಪ್ಪಿನಲ್ಲಿ ಮುಗಿಸಿದೆವು. ಸಮುದಾಯ ಭವನದ ಮೊರಿತಾ ಸಾನ್ ನಿವೃತ್ತರಾಗಿದ್ದಾರೆ. ಇಷ್ಟು ವರ್ಷ ನಮಗೆ ಹಾಲ್ ಕೊಟ್ಟು, ಕುರ್ಚಿ ಸರಿಯಾಗಿ ಜೋಡಿಸಿ ಹೋಗಿ ಎಂದು ಗದರುತ್ತಿದ್ದ ಹೆಂಗಸು. ಅವರಿಗೆ ಸನ್ಮಾನ. ಇನ್ನು ಮೇಲೆ ಪೇಟವೇ ಬೇಡ ಎಂದು ಕೆಲವರು ಹೇಳಿದ್ದರು. ರಾಮಪ್ರಸಾದರು ಮಾತಾಡದೆ ಮೈಸೂರಿನಿಂದ ಹೊಸದೊಂದು ತರಿಸಿದ್ದರು.

ಅವರೇ ಪೇಟ ತೆಗೆದುಕೊಂಡು ಮೊರಿತಾ ಸಾನ್ ಮುಂದೆ ನಿಂತರು. ನಾನು ಮೈಕ್ ಹಿಡಿದಿದ್ದೆ. ಮಹಾರಾಜರ ಸಾಲು ಗಂಟಲವರೆಗೆ ಬಂದಿತ್ತು, ಇಷ್ಟು ವರ್ಷದ ಅಭ್ಯಾಸ ನೋಡು. ಅಷ್ಟರಲ್ಲಿ ಅವರು ಪೇಟವನ್ನು ಎದೆಯ ಹತ್ತಿರವೇ ಹಿಡಿದುಕೊಂಡು, ತಲೆ ಸ್ವಲ್ಪ ತಗ್ಗಿಸಿ, "ಸುಮಿಮಾಸೆನ್" ಎಂದರು. ಎಂದು ಕಾದರು.

ಕುಂಗ್ ಕೋರ್ಟಿನಲ್ಲಿ ಹೇಳಿದ್ದನ್ನು ಕೂಟದವರಿಗೆ ಮೊದಲೇ ಹೇಳಿದ್ದೆ, ಹಾಲಿನಲ್ಲಿ ಇದ್ದವರಿಗೆಲ್ಲ ಅದು ಏನೆಂದು ಗೊತ್ತಿತ್ತು. ಮಕ್ಕಳು ಕೂಡ ಗಲಾಟೆ ನಿಲ್ಲಿಸಿದವು. ಮೊರಿತಾ ಸಾನ್‌ಗೆ ಮಾತ್ರ ಏನೂ ಗೊತ್ತಿಲ್ಲ, ಆಕೆ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಹೂಂ ಎನ್ನುವಂತೆ "ಹಾಯ್" ಎಂದು ತಲೆ ಬಗ್ಗಿಸಿದರು. ಆಗ ಇಟ್ಟರು.

ನನಗೆ ಮೈಕಿನಲ್ಲಿ ಮಾತು ಹೊರಡಲಿಲ್ಲ. ನಿನ್ನ ಅತ್ತಿಗೆಗೆ! ಕೊನೆಗೆ ಅಮೂಲ್ಯ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ತನ್ನ ಹರಕು ಮುರುಕು ಕನ್ನಡದಲ್ಲಿ, "ಎಲ್ಲಾರೂ ಊಟ ಮಾಡಿ" ಎಂದಳು.

ಹಳೆಯ ಪೇಟ ನಮ್ಮ ಬೀರುವಿನ ಮೇಲೆಯೇ ಇದೆ, ಧೂಳು ಕೂರದಂತೆ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ಇನ್ನು ಯಾರಿಗೂ ಇಡುವುದಿಲ್ಲ. ಅವಳು ನಮ್ಮನೆಯಲ್ಲೇ ಇರಲಿ ಎಂದು ನನ್ನ ಕೈಗೆ ಕೊಟ್ಟು ಹೋಗಿರುವುದು ಅದು. ಕುಂಗ್‌ಗೆ ಒಳಗೆ ಪತ್ರ ತಲುಪುತ್ತದೆ ಎಂದರೆ ಇಷ್ಟು ಬರೆ. ಎರಡು ವರ್ಷವಾದ ಮೇಲೆ ಬರಲಿ. ಚಿತ್ರಾನ್ನ ಮಾಡುತ್ತೇನೆ, ಪಾತ್ರೆ ತೊಳೆಯಲು ಬಿಡುವುದಿಲ್ಲ. ಪೇಟವನ್ನು ಇಡಲೇ, ಬೇಡವೇ ಎಂದು ಅವಳನ್ನೇ ಕೇಳುತ್ತೇನೆ. ಬೇಡ ಎಂದರೆ ಬೇಡ.

ಕುರ್ಚಿ ಜೋಡಿಸಿ ಸೊಂಟ ಹಿಡಿದುಕೊಂಡಿರುವ,
ನಿನ್ನ ವಸುಧಾ ಅತ್ತಿಗೆ